ಶೇಷಾದ್ರಿಯವರ ಪುಟ್ಟ ಬ್ಯಾಂಡೇಜುಗಳು

ಪೆನ್ಸಿಲ್ ಚೂಪು ಮಾಡುವಾಗ ಬ್ಲೇಡು ತಗುಲಿ ಶೇಷಾದ್ರಿಯವರ ಹೆಬ್ಬೆರಳಿನಲ್ಲಿ ಸಾಸಿವೆಕಾಳಿನಷ್ಟು ರಕ್ತ ಬಂತು. ಅಷ್ಟಕ್ಕೇ ಅಹಮದಾಬಾದಿನ ಬೋಡಕ್‌ದೇವ್‌ನ ಆ ಫ್ಲ್ಯಾಟಿನಲ್ಲಿ ದೊಡ್ಡ ರಾಮಾಯಣವಾಯಿತು. ಹತ್ತಿ ಬಂತು, ಡೆಟಾಲ್ ಬಂತು, ಟೆಟನಸ್ ಇಂಜೆಕ್ಷನ್ ಬೇಕೋ ಬೇಡವೋ ಎಂಬ ಚರ್ಚೆಯೂ ನಡೆಯಿತು. ಕಡೆಗೆ ಹೆಂಡತಿ ಸುಲೋಚನಾ, ಗಂಡನ ಬಾಯಿ ಮುಚ್ಚಿಸಲೆಂದೇ ನಿಂಬೆಹಣ್ಣಿನ ಗಾತ್ರದ ಬ್ಯಾಂಡೇಜು ಸುತ್ತಿ ಕೂರಿಸಿದರು. ಕಾರ್ಗಿಲ್ ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದ ಮನುಷ್ಯ ಇವರೇ ಎಂದರೆ ಯಾರು ನಂಬಬೇಕು!

ಈ ವಯಸ್ಸಿನಲ್ಲಿ ಅವರು ಪೆನ್ಸಿಲ್ ಹಿಡಿಯಲು ಕಾರಣ ಮಯೂರ್. ಹುಬ್ಬಳ್ಳಿಯಿಂದ ಬಂದ ರೈಲ್ವೆ ನೌಕರರ ಮಗ, ಬೆಳೆದದ್ದೆಲ್ಲ ಅಹಮದಾಬಾದಿನಲ್ಲೇ. ನವರಂಗಪುರದಲ್ಲಿ ಚಿತ್ರಗಳ ಗ್ಯಾಲರಿ ನಡೆಸುತ್ತಿದ್ದ. ಯುದ್ಧಭೂಮಿಯ ಆರೈಕೆಯ ಚಿತ್ರಗಳ ಪ್ರದರ್ಶನ ಮಾಡಬೇಕೆಂದು ಹೊರಟವನಿಗೆ ಕನ್ನಡ ಸಂಘದಲ್ಲಿ ಶೇಷಾದ್ರಿಯವರ ಸುದ್ದಿ ಸಿಕ್ಕಿತ್ತು. ಸೇನೆಯ ವೈದ್ಯ ದಳದಲ್ಲಿದ್ದಾಗ ಅವರು ಬಂಡೆ ಮರೆಯ ಚಿಕಿತ್ಸಾ ಶಿಬಿರದಲ್ಲಿ ಕೂತು, ಔಷಧಿ ಪೆಟ್ಟಿಗೆಯ ರಟ್ಟಿನ ಮೇಲೆ ಚಿತ್ರ ಬರೆಯುತ್ತಿದ್ದರು. ಆಮೇಲೆ ಬ್ಯಾಂಕು ಸೇರಿ, ವರ್ಗವಾಗಿ ಬಂದ ಈ ಊರಿನಲ್ಲೇ ನಿವೃತ್ತರಾದವರು. ಮಯೂರ್ ಬಂದು ಕೇಳಿದ ಕೂಡಲೇ ಅವರಿಗೆ ಆಕಾಶ ಮೂರೇ ಗೇಣು. ಜೀವಮಾನದಲ್ಲಿ ಒಮ್ಮೆ ತನ್ನ ಚಿತ್ರ ಗೋಡೆಯ ಮೇಲಿರಬೇಕು, ಅದರ ಕೆಳಗೆ ತನ್ನ ಹೆಸರಿರಬೇಕು ಎಂಬುದೊಂದೇ ಆಸೆ ಅವರಿಗೆ.

ಚಿತ್ರಗಳನ್ನು ನೋಡಿದ ಮಯೂರ್ ಮಾತ್ರ ತಲೆ ಕೆರೆದುಕೊಂಡ. ಸ್ಟ್ರೆಚರ್ ಮೇಲಿದ್ದವನು ಚಹಾ ಹೀರುತ್ತಿದ್ದ. ಡಾಕ್ಟರು ಹೊಲಿಗೆ ಹಾಕುತ್ತಿದ್ದರೆ ಗಾಯಾಳು ಮೀಸೆ ತಿರುವುತ್ತಿದ್ದ. ಒಬ್ಬರ ಬ್ಯಾಂಡೇಜೂ ಬೆರಳಗಲಕ್ಕಿಂತ ದೊಡ್ಡದಿರಲಿಲ್ಲ.

"ಅಂಕಲ್, ಬ್ಲಡ್ ಎಲ್ಲಿದೆ? ಆ ಯುದ್ಧ ಛೇ ಕೆ ಪಿಕ್‌ನಿಕ್?" ಇದು ಯುದ್ಧವೋ ಪಿಕ್‌ನಿಕ್ಕೋ ಎಂದು ಗುಜರಾತಿ ಬೆರೆಸಿ ಕೇಳಿದ.

"ಅವರಮ್ಮಂದಿರಿಗೆ ಕಳಿಸೋಕೆ ಬರೆದಿದ್ದಪ್ಪ. ಬ್ಯಾಂಡೇಜು ಚಿಕ್ಕದು ಮಾಡಿ, ಅಮ್ಮ ಹೆದರ್ಕೋತಾಳೆ ಅನ್ನೋರು ಹುಡುಗರು. ಅವರ ಊರಿಗೊಂದು, ನನಗೊಂದು ಅಂತ ಎರಡೆರಡು ಬರೀತಿದ್ದೆ."

"ಸ್ವೀಟ್ ಇದೆ. ಆದ್ರೆ ಜನ ನಗ್ತಾರೆ ಅಂಕಲ್. ಬ್ಯಾಂಡೇಜ್ ದೊಡ್ಡದು ಮಾಡಿ ಮತ್ತೆ ಬರ್ಕೊಡಿ, ಗೋಡೆ ಮೇಲೆ ಹಾಕ್ತೀನಿ."

ಹಾಗಾಗಿ ಈ ಪೆನ್ಸಿಲ್, ಈ ಬ್ಲೇಡು, ಈ ರಂಪ. ಮೊದಲ ಹಾಳೆಯಲ್ಲಿ ರಾಜಸ್ಥಾನದ ಹುಡುಗನೊಬ್ಬನನ್ನು ಬರೆಯಲು ಕೂತಿದ್ದರು. ಹಳೆಯ ರಟ್ಟಿನ ಮೇಲೆ ಅವನು ಎರಡೂ ಕಾಲೂರಿ ನಿಂತಿದ್ದ. ನಿಜದಲ್ಲಿ ಒಂದೇ ಕಾಲು ಉಳಿದಿತ್ತು. ಸೊಂಟದವರೆಗೆ ಬರೆದದ್ದಾಯಿತು, ಅಲ್ಲಿಂದ ಕೆಳಗೆ ಕೈ ಇಳಿಯಲೇ ಇಲ್ಲ. ಸುಮ್ಮನೆ ಮತ್ತೆ ಮತ್ತೆ ಪೆನ್ಸಿಲ್ ಹೆರೆದರು, ಬೆರಳು ಕುಯ್ದುಕೊಂಡರು.

ಸಂಜೆ ಮಯೂರ್ ಬಂದಾಗ ಮುಖ ತಗ್ಗಿಸಿ ಹೇಳಿದರು. "ಆಗಲ್ಲಪ್ಪ. ಆ ತಾಯಂದಿರು ನನ್ನ ನಂಬಿದ್ರು. ಈಗ ಬದಲಾಯಿಸಿದ್ರೆ ಅವರಿಗೆ ಮೋಸ ಮಾಡಿದ ಹಾಗೆ. ಗೋಡೆ ಬೇಡ, ಬಿಡು."

ಚಹಾ ತಂದ ಸುಲೋಚನಾ ಕಿಸಕ್ಕನೆ ನಕ್ಕರು. "ನಂಬಿದ್ರಂತೆ!"

ಒಳಗೆ ಹೋಗಿ, ಗಂಡ ಆಗ ಶಿಬಿರದಿಂದ ತಮಗೆ ಬರೆದು ಕಳಿಸಿದ್ದ ಒಂದು ರಟ್ಟನ್ನು ದೇವರ ಪಟದ ಹಿಂದಿನಿಂದ ತಂದರು. ಅದರಲ್ಲಿ ಯುವಕ ಶೇಷಾದ್ರಿ ಶಿಬಿರದ ಮುಂದೆ ಠೀವಿಯಿಂದ ನಿಂತಿದ್ದರು. ಬೆರಳಿಗೊಂದು ಪುಟ್ಟ ಬ್ಯಾಂಡೇಜು. ಆಗ ಅವರ ತೊಡೆಯಲ್ಲಿ ಶೆಲ್ಲಿನ ಚೂರು ಹೊಕ್ಕಿತ್ತು, ಎದ್ದು ನಿಲ್ಲುವುದಿರಲಿ, ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ.

"ನೀನು ನಂಬಿರ್ಲಿಲ್ವೇನೆ?" ಶೇಷಾದ್ರಿಯವರು ರಟ್ಟಿನಿಂದ ಕಣ್ಣೆತ್ತಿ ಕೇಳಿದರು.

"ಬರೀ ಬೆರಳಿಗೆ ಪೆಟ್ಟಾಗಿದ್ರೆ ನೀವು ಕುಂಬಳಕಾಯಿ ಗಾತ್ರ ಬರೀತಿದ್ರಿ! ಇಷ್ಟು ಚಿಕ್ಕದು ನೋಡಿದ ಕೂಡ್ಲೇ ಎದೆ ಧಸಕ್ಕಂತು. ಆ ಅಮ್ಮಂದಿರಿಗೂ ಗೊತ್ತಾಗಿರುತ್ತೆ ಕಣ್ರೀ. ಮಗನ ಪಕ್ಕ ಕೂತು ಇಷ್ಟು ಪ್ರೀತಿಯಿಂದ ಸುಳ್ಳು ಬರೆಯೋನು ಒಬ್ಬ ಇದ್ದಾನಲ್ಲ ಅಂತಲೇ ಅವತ್ತು ನಿದ್ದೆ ಮಾಡಿರ್ತಾರೆ."

ಮಯೂರ್ ರಟ್ಟನ್ನು ನೋಡಿದ, ನಿಂಬೆಹಣ್ಣಿನ ಬೆರಳನ್ನು ನೋಡಿದ. ಆಮೇಲೆ ಹಳೆಯ ಚಿತ್ರಗಳನ್ನೆಲ್ಲ ಇದ್ದ ಹಾಗೇ ಜೋಡಿಸಿ ಚೀಲಕ್ಕಿಟ್ಟುಕೊಂಡ.

"ಆಂಟಿ, ಇದೂ ಕೊಡ್ತೀರಾ? ನೀವು ಈಗ ಹೇಳಿದ್ದನ್ನೇ ಕೆಳಗೆ ಬರೆಸ್ತೀನಿ."

"ತಗೊಂಡು ಹೋಗು. ಪ್ರದರ್ಶನ ಮುಗಿದ ಕೂಡ್ಲೇ ದೇವರ ಹತ್ರ ವಾಪಸ್ ಬರಬೇಕು, ಅಷ್ಟೇ."

ಅವನು ಹೋದ ಮೇಲೆ ಶೇಷಾದ್ರಿಯವರು ಅರ್ಧ ಬರೆದ ಹಾಳೆಯನ್ನು ಮಡಿಸಿಟ್ಟರು, ಬೆರಳಿನ ಸುದ್ದಿಯನ್ನೇ ಎತ್ತಲಿಲ್ಲ. ಅದು ಸುಲೋಚನಾರಿಗೆ ಸರಿಬರಲಿಲ್ಲ.

"ಏನ್ರೀ, ಬೆರಳು ನೋಯ್ತಿದೆಯಾ?"

"ಏನಿಲ್ಲ, ಒಂಚೂರು," ಎಂದರು ಅವರು, ಕಣ್ಣೊರೆಸಿಕೊಳ್ಳುತ್ತ.

ಒಂಚೂರು ಎಂದರೆ ಎಷ್ಟು ಎಂಬುದು ಸುಲೋಚನಾರಿಗೆ ಗೊತ್ತಿತ್ತು. ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತರು.