ಗಾಳಿಯಣ್ಣನ ನೆರಳು

ಮಸಿಬಾಟಲಿಯ ನೆರಳು ಹಾಳೆಯ ಅಂಚು ಮುಟ್ಟಿತ್ತು, ಅಂದರೆ ಮೂರು ದಾಟಿತು, ನಾಲ್ಕಕ್ಕೆ ಅಚ್ಚುಮನೆಯ ವ್ಯಾನು ಬರುತ್ತದೆ, ಕೊನೆಯ ಪುಟದ ಕೊನೆಯ ಚೌಕ ಮಾತ್ರ ಇನ್ನೂ ಬಾಯಿ ಬಿಟ್ಟುಕೊಂಡು ಕೂತಿದೆ — ಆ ನೆರಳು ಎಷ್ಟು ಸಲೀಸಾಗಿ ಬಾಟಲಿಯ ಬುಡಕ್ಕೆ ಅಂಟಿಕೊಂಡಿದೆ, ದೇವರು ಬಿಡಿಸಿದ್ದು, ಅವನ ಕೈ ತಪ್ಪುವುದಿಲ್ಲ, ತಪ್ಪುವುದು ಚಿತ್ರಗಾರನ ಕೈ, ಇಪ್ಪತ್ತೆಂಟು ವರ್ಷ ಕಾಮಿಕ್ಸಿನಲ್ಲಿ ಗಾಳಿಯಣ್ಣನನ್ನು ಹಾರಿಸಿದ ಈ ಕೈ. ಹಾರುವವನ ನೆರಳು ಅವನ ಕಾಲಿಗೆ ಅಂಟಿರುವುದಿಲ್ಲ, ಕೆಳಗೆ ಬೇರೆಯಾಗಿ ಬೀಳುತ್ತದೆ, ನಡುವೆ ಒಂದು ಬಿಳಿ ಸಂದು, ಆ ಸಂದು ಬಿಟ್ಟರೇ ಓದುವವರ ಕಣ್ಣಿಗೆ ಅವನು ಗಾಳಿಯಲ್ಲಿ ನಿಲ್ಲುವುದು. ಆದರೆ ಕಥೆ ಬರೆಯುವ ಅಕ್ಕ ಗಾಳಿಯಣ್ಣನಿಗೆ ನಿವೃತ್ತಿ ಕೊಡಿಸಿ, ಬೆನ್ನಿನ ಕೆಂಪು ಬಟ್ಟೆ ಬಿಚ್ಚಿಸಿ, ನಗರಸಭೆಯ ಚುನಾವಣೆಗೆ ನಿಲ್ಲಿಸಿದಳು, ಇನ್ನು ಹಾರೋ ಹಾಗಿಲ್ಲ ಕಣೋ, ಮೆಟ್ಟಿಲು ಹತ್ತಿ ಬಾಗಿಲು ತಟ್ಟಬೇಕು ಅಂದಳು; ತಟ್ಟಿದ, ಮಂಡಿ ಹಿಡಿದುಕೊಂಡು ತಟ್ಟಿದ, ಮೂರನೇ ಮಹಡಿಯ ಅಜ್ಜಿ ಅರ್ಧ ಬಾಗಿಲು ತೆಗೆದು, ಸೇತುವೆ ಎತ್ತಿ ಹಿಡಿದೋನು ನೀನೇ ಅಲ್ವೇನಪ್ಪ, ಸಂತೋಷ, ಎಲ್ಲಿ, ನಮ್ಮ ನಲ್ಲೀಲಿ ನೀರು ಬರ್ಸು ನೋಡೋಣ ಎಂದಾಗಿನ ಅವನ ಮುಖ ಬಿಡಿಸುವಾಗ ಚಿತ್ರಗಾರನಿಗೇ ನಗು ತಡೆಯಲಾಗಲಿಲ್ಲ. ಮುಖ ಸರಿಬಂತು, ಬೂಟು ಸರಿಬಂತು, ನೆರಳು ಮಾತ್ರ ಮೂರು ಸಂಚಿಕೆಯಿಂದ ಬೆರಳಗಲ ಕೆಳಗೇ ಬೀಳುತ್ತಿದೆ, ಕೈಯ ಹಳೇ ಚಾಳಿ, ಇವನು ನೋಡಿಯೇ ಇರಲಿಲ್ಲ, ಓದುಗರು ನೋಡಿದ್ದಾರೆ. ಬೆಳಿಗ್ಗೆ ಸಂಪಾದಕನ ಫೋನು, ಏನ್ ತಲೆ ಸಾರ್ ನಿಮ್ದು, ಸದ್ದಿಲ್ದೆ ಗುಟ್ಟು ಇಟ್ಟಿದೀರಿ, ಗಾಳಿಯಣ್ಣ ಇನ್ನೂ ನೆಲ ಮುಟ್ಟಿಲ್ಲ ಅಂತ ಜನ ಕಾಗದದ ಮೇಲೆ ಕಾಗದ ಬರೀತಿದಾರೆ, ಕೊನೇ ಚೌಕದಲ್ಲಿ ಹಾರಿಸ್ಬಿಡಿ, ಗೆಲ್ಲಿಸ್ಬಿಡಿ, ಇನ್ನೆರಡು ವರ್ಷ ನಡೆಸೋಣ, ಇಲ್ಲಾಂದ್ರೆ ಇದೇ ಕೊನೇದು, ನನ್ನ ಕೈಲಿಲ್ಲ. ಅದು ತಪ್ಪಿ ಬಿದ್ದ ನೆರಳು ಎನ್ನುವ ಬದಲು, ನೋಡ್ತೀನಿ ಸಾರ್ ಎಂದು ಫೋನು ಇಟ್ಟ.

ಎರಡು ವರ್ಷ — ಬೆಳಗಾದರೆ ಈ ಮೇಜು, ಈ ಕುಂಚ, ಅದಿಲ್ಲದ ಬೆಳಗು ಹೇಗಿರುತ್ತದೋ ಇವನಿಗೆ ಗೊತ್ತಿಲ್ಲ. ಅಕ್ಕನ ಹಾಳೆಯಲ್ಲೋ ಒಂದೇ ಸಾಲು, ಸೋತ, ನಡೆದು ಮನೆಗೆ ಹೋಗುತ್ತಾನೆ, ಮಾತು ಬೇಡ. ಪೆನ್ಸಿಲ್ ಅಕ್ಷರ, ಆಸ್ಪತ್ರೆಯ ಮಂಚದಲ್ಲಿ ಒರಗಿ ಬರೆದದ್ದು, ಸಾಲು ಇಳಿಜಾರಾಗಿದೆ, ಆ ಮಂಚವೂ ಎತ್ತರದ್ದು, ನರ್ಸು ಅವಳನ್ನು ಎಬ್ಬಿಸಿ ಅಂಚಿನಲ್ಲಿ ಕೂರಿಸಿ, ಕಾಲೂರಿ ಅಮ್ಮ, ನಿಧಾನ ಅನ್ನುತ್ತಾಳೆ, ಅಕ್ಕ ಬಗ್ಗಿ ನೋಡಿ, ನೆಲ ಎಲ್ಲಿಟ್ಟಿದೀಯ ತೋರ್ಸಮ್ಮ, ಊರ್ತೀನಿ ಅನ್ನುತ್ತಾಳೆ, ಎಲ್ಲರೂ ನಗುತ್ತಾರೆ, ಇವನೂ ನಗುತ್ತ ನೋಡುತ್ತಾನೆ — ಹಿಮ್ಮಡಿ, ಅದರ ಕೆಳಗೆ ಬೆರಳಗಲ ಬೆಳಕು, ಅದರ ಕೆಳಗೆ ನೆರಳು. ಅದು ಯಾವ ತಿಂಗಳು? ಕಪಾಟಿನಿಂದ ಸಂಚಿಕೆಗಳನ್ನು ಎಳೆದು ಹರಡಿದ, ನಿವೃತ್ತಿಯ ನಂತರದ ಐದು, ಮೊದಲೆರಡರಲ್ಲಿ ನೆರಳು ಬೂಟಿಗೆ ಅಂಟಿಯೇ ಇದೆ, ಸಂದು ಶುರುವಾದದ್ದು ಮೂರನೆಯದರಲ್ಲಿ, ಆಸ್ಪತ್ರೆಯ ಆ ತಿಂಗಳಲ್ಲಿ. ಚಾಳಿಯೆಂದು ಕೈಯ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದ, ಪಾಪ, ಅದು ಕಂಡದ್ದನ್ನು ಬಿಡಿಸುತ್ತಿತ್ತು. ಈ ಕೊನೇ ಹಾಳೆ ಕೈಗಿಡುತ್ತ ಅಕ್ಕ, ಒಂದ್ಸಲ ನೆಲ ಮುಟ್ಟಿದ್ರೆ ಸಾಕು ಕಣೋ, ಹಾರಿದ್ದೆಲ್ಲ ಆಯ್ತು ಅಂದಿದ್ದಳು, ಆ ವಾರವೇ ಹೋದಳು, ಮುಟ್ಟಲೇ ಇಲ್ಲ, ದೇವರೇ, ಅವಳು ನಿನ್ನ ಹತ್ತಿರವಾದರೂ ಕಾಲೂರಿ ನಿಂತಿರಲಿ — ಕೆಳಗೆ ವ್ಯಾನಿನ ಹಾರ್ನ್ ಸದ್ದು. ಕುಂಚ ಅದ್ದಿದ. ಎಣಿಕೆ ಕಚೇರಿಯ ಮೆಟ್ಟಿಲು, ಖಾಲಿ ರಸ್ತೆ, ಸೋತವನ ಬೆನ್ನು, ಬೂಟು, ಬೂಟಿನ ಅಡಿಯಿಂದಲೇ ನೆರಳು ಹೊರಟಿತು, ಒಂದೇ ಎಳೆತ, ಸಂದಿಲ್ಲ. ಮುಗಿಯಿತು, ಎರಡು ವರ್ಷವೂ ಮುಗಿಯಿತು, ಕೆಳಗಿಂದ ಕೂಗುತ್ತಿದ್ದಾರೆ, ಬಂದೆ ಅನ್ನಬೇಕು, ಏಳಬೇಕು, ಹಾಳೆಯ ಮೇಲೆ ಮಸಿ ಆರುತ್ತಿದೆ, ಕಪ್ಪಿಗೆ ಕಪ್ಪು ಕೂಡಿಕೊಂಡಿದೆ, ಆದರೂ ಕಣ್ಣು ಹೋಗಿ ನಿಲ್ಲುವುದು ಅಲ್ಲೇ — ಹಿಮ್ಮಡಿ, ಅದರ ಕೆಳಗೆ ಬೆರಳಗಲ ಬೆಳಕು