ಮಂಜಿನೊಳಗೆ ಬಿದ್ದ ಗೋಲು, ಪುಟ ಮೂವತ್ತೇಳು

1

ಇದನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ. ತಿಳಿದಿದ್ದರೆ ಮೂರು ವಾರದ ಹಿಂದೆಯೇ ಶುರು ಮಾಡಿ, ಮುಗಿಸಿ, ಕಾಲು ಚಾಚಿ ಕೂತಿರುತ್ತಿದ್ದೆ.

ಒಂದು ಶುರು ಹೀಗಿತ್ತು: "ವಿಂಡೆಲ್ ಥ್ರೆಶರ್ಸ್ ಜೂನಿಯರ್ ಐಸ್ ಹಾಕಿ ತಂಡವು 1964ರಲ್ಲಿ ಊರಿನ ಹಿರಿಯರ ದೂರದೃಷ್ಟಿಯ ಫಲವಾಗಿ ಸ್ಥಾಪನೆಯಾಯಿತು." ದೂರದೃಷ್ಟಿಯೂ ಇಲ್ಲ, ಮಣ್ಣೂ ಇಲ್ಲ. ಪಕ್ಕದ ಕಾರ್ವಿನ್ ಊರಿನವರು ತಂಡ ಕಟ್ಟಿದರು, ನಮಗೆ ಹೊಟ್ಟೆ ಉರಿಯಿತು, ನಾವೂ ಕಟ್ಟಿದೆವು. ಹರಿದು ಹಾಕಿದೆ.

ಇನ್ನೊಂದು: "ಸಾವಿರದ ಒಂಬೈನೂರ ಎಪ್ಪತ್ತಾರು, ಮಾರ್ಚ್ ಇಪ್ಪತ್ತೆಂಟು, ಭಾನುವಾರ ಮಧ್ಯಾಹ್ನ." ಇದು ಸರಿಯಾದ ಶುರು. ಅದಕ್ಕೇ ಇದನ್ನೂ ಹರಿದು ಹಾಕಿದೆ. (ಕಾರಣ ಮುಂದೆ ಹೇಳುತ್ತೇನೆ. ಹೇಳದೆ ತಪ್ಪಿಸಿಕೊಳ್ಳಲು ನೋಡುತ್ತೇನೆ, ನೀವು ಬಿಡಬೇಡಿ.)

2

ನಾನು ಗ್ಲೆನಿಸ್. ವಯಸ್ಸು ಎಪ್ಪತ್ತು. ಮೂವತ್ತು ವರ್ಷ ಈ ಊರಿನ ಮಕ್ಕಳ ಪ್ರಬಂಧ ತಿದ್ದಿದವಳು, ಆದ್ದರಿಂದ ನನಗೆ ಬರೆಯಲು ಬರುತ್ತದೆ ಎಂದು ಊರವರ ನಂಬಿಕೆ. ಹಳೆಯ ರಿಂಕನ್ನು, ಅಂದರೆ ಐಸ್ ಹಾಸಿದ ಆಟದ ಕಟ್ಟಡವನ್ನು, ಏಪ್ರಿಲ್‌ನಲ್ಲಿ ಕೆಡವುತ್ತಾರೆ. ಹೊಸ ರಿಂಕ್ ತೆರೆಯುವ ದಿನ ತಂಡದ ಅರವತ್ತು ವರ್ಷದ ಚರಿತ್ರೆ ಪುಸ್ತಕವಾಗಿ ಬರಬೇಕು. ಒಟ್ಟು ನೂರು ಪುಟ, ತೊಂಬತ್ತೊಂಬತ್ತು ಮುಗಿದಿವೆ. ಉಳಿದದ್ದು ಪುಟ ಮೂವತ್ತೇಳು. ನಾವು ಗೆದ್ದ ಒಂದೇ ಒಂದು ಕಪ್, ಅದನ್ನು ತಂದ ಒಂದೇ ಒಂದು ಗೋಲು, ಎರಡೂ ಆ ಪುಟದಲ್ಲಿವೆ. ಅಥವಾ ಇರಬೇಕು.

ಆ ಗೋಲು ಗೊತ್ತಿಲ್ಲದವರು ಊರಲ್ಲಿಲ್ಲ. ಓವರ್‌ಟೈಮಿನಲ್ಲಿ ಹನ್ನೊಂದನೇ ನಂಬರಿನ ಎಲ್ಡನ್ ಹ್ರಿಶ್ಕೊ ಹೊಡೆದದ್ದು. (ಐಸ್ ಹಾಕಿಯಲ್ಲಿ ಚೆಂಡಿಲ್ಲ, ಪಕ್ ಎಂಬ ರಬ್ಬರ್ ಬಿಲ್ಲೆ.) ಆಮೇಲೆ ಆ ನಂಬರನ್ನು ಬೇರೆ ಯಾರಿಗೂ ಕೊಡಲಿಲ್ಲ. ರಿಂಕಿನ ಸೂರಿನಿಂದ ಬೆಡ್‌ಶೀಟಿನಷ್ಟು ದೊಡ್ಡ ಬಟ್ಟೆಯ ಮೇಲೆ 11 ಇವತ್ತಿಗೂ ನೇತಾಡುತ್ತಿದೆ. (ಬೆಡ್‌ಶೀಟಿನ ಮಾತು ಸುಮ್ಮನೆ ಬಂದದ್ದಲ್ಲ, ನೆನಪಿಟ್ಟುಕೊಳ್ಳಿ.) ಎಲ್ಡನ್ ಈಗ ಅರವತ್ತೇಳರ ಪ್ಲಂಬರ್. ನಲ್ಲಿ ಸೋರದ ಮನೆಯವರೂ ಅವನನ್ನು ಕರೆದು ಕೂರಿಸಿ ಆ ಗೋಲಿನ ಕಥೆ ಕೇಳುತ್ತಾರೆ.

ಗೋಲು ಬಿದ್ದದ್ದು ನಿಜ. ಎಲ್ಡನ್ ಹೊಡೆದನೆಂದು ಸ್ಕೋರ್‌ಶೀಟಿನಲ್ಲಿ ಇರುವುದೂ ನಿಜ. ಸ್ಕೋರ್‌ಶೀಟ್ ಬರೆದವಳು ನಾನು. ಇಪ್ಪತ್ತೆರಡು ವರ್ಷದವಳಿಗೆ ಆ ಕೆಲಸ ಕೊಟ್ಟದ್ದು ಕೈಬರಹ ದುಂಡಗಿತ್ತು ಎಂಬ ಒಂದೇ ಕಾರಣಕ್ಕೆ.

3

ಕರಡು ಓದುತ್ತೇನೆಂದು ಎಲ್ಡನ್ ಮನೆಗೆ ಬಂದ. ಪಾತ್ರಗಳಿಗೆ ಕರಡು ತೋರಿಸಬಾರದೆಂದು ಬಲ್ಲವರು ಹೇಳುತ್ತಾರೆ. ಬಲ್ಲವರ ಅಡುಗೆಮನೆಯ ಪೈಪನ್ನು ಅವರ ಪಾತ್ರಗಳು ರಿಪೇರಿ ಮಾಡುವುದಿಲ್ಲವೆಂದು ಕಾಣುತ್ತದೆ.

"ಏನೇ ಇದು, 'ಹನ್ನೊಂದನೇ ನಂಬರ್ ಗೋಲ್ ಹೊಡೆದದ್ದು ಸ್ಪಷ್ಟವಾಗಿ ಕಂಡಿತು' ಅಂತ ಬರ್ದಿದೀಯ? ಯಾರಿಗೆ ಕಾಣ್ತು?"

"ನೋಡಿದೋರಿಗೆ."

"ನಿಂಗೆ ಕಾಣ್ತಾ?"

"ಕಾಫಿಗೆ ಸಕ್ರೆ ಎಷ್ಟು ಹಾಕ್ಲಿ?"

"ನಲ್ವತ್ತೆಂಟು ವರ್ಷದಿಂದ ಎರಡೇ ಚಮಚ. ಮಾತು ಮರೆಸ್ಬೇಡ, ಗ್ಲೆನಿಸ್."

ನಾನು ಮೂರು ಚಮಚ ಹಾಕಿ ಕೊಟ್ಟೆ. ಅವನು ಕುಡಿಯಲಿಲ್ಲ.

"ನೋಡು, ನನ್ನ ಸ್ಟಿಕ್ಕಿಗೆ ಏನೋ ತಾಗ್ತು. ಪಕ್ಕೋ, ಜೊತೇಲಿ ಆಡ್ತಿದ್ದ ಲೂಸಿಯೆನ್ ಕಾಲೋ, ದೇವ್ರಾಣೆ ಗೊತ್ತಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ನಂಬರ್ ಕೂಗಿದ್ರು. ಯಾಕೆ ಅಂತ ಕೇಳೋದ್ರೊಳಗೆ ಹುಡುಗ್ರು ನನ್ನ ಹೆಗಲ ಮೇಲೆ ಹೊತ್ಕೊಂಡಿದ್ರು. ಲೂಸಿಯೆನ್‌ನ ಒಂದಿನ ಕೇಳ್ಬೇಕು, ಕೇಳ್ಬೇಕು ಅಂತಾನೇ ಇದ್ದೆ. ಅವ್ನು ಹೋದ ಅಕ್ಟೋಬರ್‌ನಲ್ಲಿ ಹೋಗ್ಬಿಟ್ಟ. ಈಗ ಉಳಿದಿರೋಳು ನೀನೊಬ್ಳೇ. ಕಂಡಿತ್ತು ಅಂದ್ರೆ ಹೇಳು, ಇಲ್ಲ ಅಂದ್ರೂ ಹೇಳು. ನಂಗೆ ಸಾಕಾಗಿದೆ, ಇನ್ನೊಬ್ರ ಅಂಗಿ ಹಾಕ್ಕೊಂಡು ಓಡಾಡ್ದಂಗೆ ಆಗ್ತಿದೆ."

ನೋಡಿ, ಪಾತ್ರಕ್ಕೆ ಉತ್ತರ ಗೊತ್ತಿಲ್ಲ, ಲೇಖಕಿಗಾದರೂ ಗೊತ್ತಿರುತ್ತದೆಂದು ಬಂದು ಕೂತಿದೆ. ನಾನು ಪೈಪು ಸೋರುತ್ತಿದೆ ಎಂದೆ. ಸೋರುತ್ತಿರಲಿಲ್ಲ.

4 (ಇದು ಮೂರಕ್ಕಿಂತ ಮೊದಲು ಬರಬೇಕಿತ್ತು)

ಮಂಜಿನ ವಿಷಯ.

ಹಳೆಯ ರಿಂಕಿನಲ್ಲಿ ಮಾರ್ಚ್ ಕೊನೆಗೆ ಹೊರಗೆ ಬಿಸಿಲೇರಿದರೆ ಒಳಗೆ ಐಸಿನ ಮೇಲೆ ಮಂಜು ಏಳುತ್ತಿತ್ತು. ಮೊದಲು ಆಟಗಾರರ ಮೊಣಕಾಲು ಕಾಣೆಯಾಗುತ್ತಿತ್ತು, ಆಮೇಲೆ ಸೊಂಟ, ಆಮೇಲೆ ಆಟಗಾರರು. ಆಗ ರೆಫರಿ ಆಟ ನಿಲ್ಲಿಸುತ್ತಿದ್ದ. ಹುಡುಗರು ಎರಡೆರಡು ಜನ ಬೆಡ್‌ಶೀಟಿನ ತುದಿ ಹಿಡಿದು ಸುತ್ತು ಹೊಡೆಯುತ್ತಿದ್ದರು, ಬೆಂಚಿನ ಮೇಲೆ ಹೆಂಗಸರು ಎದ್ದು ನಿಂತು ಶೀಟು ಬೀಸುತ್ತಿದ್ದರು. ಮಂಜು ಚದುರುತ್ತಿತ್ತು, ಆಟ ಮುಂದುವರಿಯುತ್ತಿತ್ತು. ಫೈನಲ್‌ಗೆ ಬರುವಾಗ ಟಿಕೆಟ್ ಮರೆತವರಿದ್ದರು, ಬೆಡ್‌ಶೀಟ್ ಮರೆತವರಿರಲಿಲ್ಲ.

ಪುಸ್ತಕದ ಪುಟ ಮೂವತ್ತಾರರಲ್ಲಿ ಇಷ್ಟೇ ಇದೆ: "ಊರಿನ ತಾಯಂದಿರು ಶೀಟು ಬೀಸಿ ಮಂಜನ್ನು ಓಡಿಸಿದರು." ಎಲ್ಲಿಗೆ ಓಡಿಸಿದರು ಎಂಬುದನ್ನು ಯಾರೂ ಕೇಳಿಲ್ಲ. ನೀವೂ ಕೇಳಲಿಲ್ಲ.

ಕಾರ್ವಿನ್‌ನ ಗೋಲಿನ ಕಡೆಗೆ ಓಡಿಸಿದರು. ಬೇಕೆಂದೇ. ಅವರ ಗೋಲ್‌ಕೀಪರ್ ಬಲು ಚುರುಕು, ಆ ವರ್ಷ ಅವನನ್ನು ದಾಟಿ ಪಕ್ ಹೋದದ್ದೇ ಅಪರೂಪ. ನಮ್ಮಮ್ಮನೂ ಲೂಸಿಯೆನ್ ಗೊಡೆಯ ಅಮ್ಮನೂ ಕ್ಯಾಂಟೀನಿನಲ್ಲಿ ಪಿಸುಗುಟ್ಟಿ ತೀರ್ಮಾನಿಸಿದರು. ಹತ್ತು ನಿಮಿಷದಲ್ಲಿ ಇಡೀ ಊರು ಒಂದೇ ದಿಕ್ಕಿಗೆ ಬೀಸತೊಡಗಿತು. ಓವರ್‌ಟೈಮಿನ ಹೊತ್ತಿಗೆ ನಮ್ಮ ಕಡೆ ಕನ್ನಡಿಯಂತೆ ಸ್ವಚ್ಛ, ಅವರ ಕಡೆ ಬಿಳಿ ಗೋಡೆ. ನಮ್ಮ ಇಬ್ಬರು ಪಕ್ ಹಿಡಿದು ಆ ಗೋಡೆಯೊಳಗೆ ನುಗ್ಗಿದರು. ಒಬ್ಬ ಹನ್ನೊಂದು, ಎಲ್ಡನ್. ಇನ್ನೊಬ್ಬ ನಾಲ್ಕು, ಲೂಸಿಯೆನ್ ಗೊಡೆ. ಗೋಲಿನ ಕಬ್ಬಿಣಕ್ಕೆ ಪಕ್ ಬಡಿದ ಸದ್ದು. ಮೇಲೆ ಗೋಲಾಯಿತೆನ್ನುವ ಕೆಂಪು ದೀಪ.

ರೆಫರಿ ತಡಕಾಡುತ್ತ ನನ್ನ ಮೇಜಿಗೆ ಬಂದ. ಗೋಲು ಯಾರದೆಂದು ನಂಬರ್ ಹೇಳಬೇಕಾದವನು ಅವನು.

"ನಿಮ್ಮವರದ್ದೇ," ಎಂದ. "ನಂಬರ್ ಆ ದೇವರಿಗೇ ಗೊತ್ತು. ನೀನೇ ಬರ್ಕೊಳ್ಳಮ್ಮ, ಬೇಗ."

ಊರಿಗೆ ಊರೇ ಸೇರಿ ಮುಚ್ಚಿದ್ದನ್ನು ನಾನೊಬ್ಬಳು ಹೇಗೆ ನೋಡಲಿ? ಆದರೂ ಬರೆದೆ.

5

ಲೂಸಿಯೆನ್‌ನ ತಂಗಿ ಸೊಲಾಂಜ್ ರಿಂಕಿನ ಕ್ಯಾಂಟೀನ್ ನಡೆಸುತ್ತಾಳೆ. ನನಗಿಂತ ಐದು ವರ್ಷ ಚಿಕ್ಕವಳು, ಬಾಯಿಯಲ್ಲಿ ಹತ್ತು ವರ್ಷ ದೊಡ್ಡವಳು. ಅವಳನ್ನು ಈ ಕಥೆಯಿಂದ ಹೊರಗಿಡಲು ಸಾಕಷ್ಟು ಪ್ರಯತ್ನಿಸಿದೆ. ಮೊದಲ ಕರಡಿನಲ್ಲಿ ಅವಳಿಲ್ಲ. ಎರಡನೆಯದರಲ್ಲಿ ಆಲೂ ಕರಿಯುತ್ತಿರುವ ಒಬ್ಬ ಹೆಂಗಸು ಇದ್ದಾಳೆ, ಅಷ್ಟೆ.

"ಆಲೂ ಕರಿಯೋ ಹೆಂಗ್ಸಾ?" ಅವಳು ಕರಡನ್ನು ಕೌಂಟರಿನ ಮೇಲೆ ಕುಕ್ಕಿದಳು. "ಹೆಸ್ರಿಲ್ವೇನೇ ನಂಗೆ?"

"ಇದೆ ಕಣೇ. ಮುಂದಿನ ಕರಡಲ್ಲಿ ಹಾಕ್ತೀನಿ."

"ನಂದು ಹಾಕ್ದಿದ್ರೂ ಪರ್ವಾಗಿಲ್ಲ, ಲೂಸಿಯೆನ್‌ದು ಹಾಕು. ಒಂದು ಸಾಲು. ನೂರು ಪುಟದಲ್ಲಿ ನಮ್ಮಣ್ಣಂಗೆ ಒಂದು ಸಾಲಿಲ್ವಾ?"

"ಏನಂತ ಬರೀಲಿ?"

"ಅವತ್ತು ಮನೇಗೆ ಬಂದು, ಅಡುಗೆಮನೇಲಿ ಬೂಟು ಬಿಚ್ತಾ, 'ಅಮ್ಮ, ಅದು ನಂದು' ಅಂದ. ಒಂದೇ ಸಲ. ಅಮ್ಮ, 'ಗೆದ್ವಲ್ಲ, ಸಾಕು, ಸೂಪು ಕುಡಿ' ಅಂದ್ಲು. ಅಷ್ಟೇ, ಮತ್ತೆ ಬಾಯಿ ಬಿಡ್ಲಿಲ್ಲ. ಮೇ ತಿಂಗಳಲ್ಲಿ ಗಣಿ ಕೆಲಸಕ್ಕೆ ಹೋದೋನು, ಕ್ರಿಸ್‌ಮಸ್‌ಗೆ ಬಂದ್ರೂ ರಿಂಕಿನ ಬಾಗ್ಲು ತುಳೀಲಿಲ್ಲ. ನಾನೇನು ಎಲ್ಡನ್ ಬಾವುಟ ಕೆಳಗಿಳ್ಸು ಅಂತಿದೀನಾ? ನೀನು ನೋಡಿದ್ದನ್ನ ಬರಿ ಅಷ್ಟೇ. ನೋಡಿದೀಯಲ್ಲ?"

ಎಲ್ಲರದೂ ಇದೇ ಪ್ರಶ್ನೆ. ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳ ಮೇಲಲ್ಲ ಎಂದು ಮನೆ ತಲುಪುವ ಹೊತ್ತಿಗೆ ತಿಳಿಯಿತು.

6 (ಬರೆಯಬಾರದೆಂದಿದ್ದದ್ದು)

ನಮ್ಮಲ್ಲಿ ತಂಡಕ್ಕೆ ಆಡಲು ಹೊರ ಊರುಗಳಿಂದ ಬರುವ ಹುಡುಗರನ್ನು ಮನೆಗೊಬ್ಬರಂತೆ ಇಟ್ಟುಕೊಳ್ಳುತ್ತೇವೆ. ಊಟ, ಹಾಸಿಗೆ, ಬೈಗುಳ, ಎಲ್ಲ ಮನೆಮಕ್ಕಳ ಲೆಕ್ಕದಲ್ಲೇ. ಎಲ್ಡನ್ ನಮ್ಮ ಮನೆಯಲ್ಲಿದ್ದ. ಆ ವರ್ಷವೆಲ್ಲ ಅವನು ಒಂದೂ ಗೋಲು ಹೊಡೆದಿರಲಿಲ್ಲ. ಫೈನಲ್ ಮುಗಿದ ಮಾರನೆಯ ಬೆಳಿಗ್ಗೆ ಅವನನ್ನು ಕಳಿಸಿಬಿಡುವುದೆಂದು ಕೋಚ್ ಅಮ್ಮನಿಗೆ ಹೇಳಿದ್ದ. ಕಳಿಸುವುದೆಂದರೆ ಎಲ್ಲಿಗೆ? ಅವನ ತಾಯಿ ಇರಲಿಲ್ಲ. ಅಪ್ಪ ಹೊಸ ಹೆಂಡತಿಯ ಜೊತೆ ಇನ್ನೆಲ್ಲೋ ಮನೆ ಮಾಡಿದ್ದ, ವಿಳಾಸ ಬರೆದಿರಲಿಲ್ಲ.

ಭಾನುವಾರ ನಾವು ರಿಂಕಿಗೆ ಹೊರಟಾಗ ಅಮ್ಮ ಅವನ ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು. ಅವನ ಅಂಗಿಗಳನ್ನು ಇಸ್ತ್ರಿ ಮಾಡಿ ಮಡಿಸಿದ್ದಳು, ಅಳುತ್ತಿದ್ದಳು. ಎಲ್ಡನ್ ಮುಂಚೆಯೇ ಹೋಗಿದ್ದ, ಅವನು ನೋಡಿರಲಿಲ್ಲ. (ಹಾಗೆಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.)

ರೆಫರಿ ನೀನೇ ಬರ್ಕೊಳ್ಳಮ್ಮ ಎಂದಾಗ ನನ್ನ ಕಣ್ಣ ಮುಂದೆ ಇದ್ದದ್ದು ಮಂಜು, ಮತ್ತು ಆ ಪೆಟ್ಟಿಗೆ. 11 ಎಂದು ಬರೆದೆ, ದುಂಡಗೆ. ಸೋಮವಾರ ಪ್ಲಂಬಿಂಗ್ ಅಂಗಡಿಯವನು, ಕಪ್ ತಂದ ಹುಡುಗನೆಂದು, ಅವನಿಗೆ ಕೆಲಸ ಕೊಟ್ಟ. ಅಮ್ಮ ಪೆಟ್ಟಿಗೆ ಬಿಚ್ಚಿದಳು. ಅವನು ಇನ್ನೂ ಐದು ವರ್ಷ ನಮ್ಮ ಮನೆಯಲ್ಲೇ ಇದ್ದ.

ಇದನ್ನು ಕಳ್ಳತನವೆನ್ನಬೇಕೋ? ಕದ್ದದ್ದು ಯಾರಿಂದ ಎಂದೇ ಗೊತ್ತಿಲ್ಲವಲ್ಲ. ಎಲ್ಡನ್ನೇ ಹೊಡೆದಿರಬಹುದು, ಹಾಗಿದ್ದರೆ ನಾನು ಸತ್ಯವನ್ನೇ ಸುಳ್ಳಿನಂತೆ ಬರೆದೆ. ಲೂಸಿಯೆನ್ ಹೊಡೆದಿದ್ದರೆ ಒಬ್ಬನಿಗೆ ಮನೆ ಕೊಡಲು ಹೋಗಿ ಇನ್ನೊಬ್ಬನನ್ನು ಊರು ಬಿಡಿಸಿದೆ. ನಲವತ್ತೆಂಟು ವರ್ಷ ಇದನ್ನು ತಿರುವಿ ಹಾಕಿದ್ದೇನೆ. ಏನೂ ಸ್ಪಷ್ಟವಾಗಿಲ್ಲ, ನಿದ್ದೆ ಕೆಟ್ಟಿದೆ ಅಷ್ಟೆ.

7

ಬೇಕಾದ ಅಂತ್ಯ ಆರಿಸಿಕೊಳ್ಳಿ.

ಮೊದಲನೆಯದು: ನಾನು ತಪ್ಪೊಪ್ಪಿಕೊಳ್ಳುತ್ತೇನೆ, 11ನ್ನು ಇಳಿಸಿ 4ನ್ನು ಏರಿಸುತ್ತಾರೆ, ಸೊಲಾಂಜ್ ಅಳುತ್ತಾಳೆ. (ಎಲ್ಡನ್: "ಆಮೇಲೆ ನಾನು ಯಾರ ಮನೆ ನಲ್ಲಿ ರಿಪೇರಿಗೆ ಹೋಗ್ಲಿ?")

ಎರಡನೆಯದು: ಯಾರದೋ ಅಟ್ಟದ ಮೇಲೆ ಹಳೆಯ ಫೋಟೋ ಸಿಗುತ್ತದೆ, ಎಲ್ಲ ಬಗೆಹರಿಯುತ್ತದೆ. (ಸಿಕ್ಕಿದೆ. ಧೂಳು ಒರೆಸಿ ನೋಡಿದರೂ ಬರೀ ಬಿಳಿ ಮಂಜು.)

ಮೂರನೆಯದು: ಪಕ್ ತಾಗಿದ್ದು ಕಾರ್ವಿನ್‌ನವನೊಬ್ಬನ ಕಾಲಿಗೆ, ಗೋಲು ಅವರದೇ ಕೃಪೆ. (ಸೊಲಾಂಜ್: "ಇದನ್ನ ಬರೆದ್ರೆ ಕ್ಯಾಂಟೀನ್‌ನಲ್ಲಿ ನಿಂಗೆ ಇನ್ಮೇಲೆ ಕಾಫಿ ಇಲ್ಲ.")

8

ಇದು ಅಂತ್ಯವಲ್ಲ, ಇವತ್ತು ಬುಧವಾರ ನಡೆದದ್ದು. ಐಸ್ ಹಿಡಿದಿಡುವ ಯಂತ್ರವನ್ನು ಮಂಗಳವಾರ ಕೊನೆಯ ಸಲ ಆರಿಸಿದ್ದರು. ಹೊರಗೆ ಬಿಸಿಲು. ಬೆಳಿಗ್ಗೆ ಹತ್ತಕ್ಕೆ ಎಲ್ಡನ್ ಫೋನ್ ಮಾಡಿದ.

"ಮಂಜು ಎದ್ದಿದೆ, ಬಾ. ಪೆನ್ನು ತಗೊಂಡ್ ಬಾ."

ಹೋದೆ. ಸೂರಿನ 11 ಕೂಡ ಕಾಣದಷ್ಟು ಮಂಜು. ಅವನು ಹಳೆಯ ಸ್ಟಿಕ್ ಹಿಡಿದು ನಿಂತಿದ್ದ, ಪಕ್ಕದಲ್ಲಿ ರಬ್ಬರ್ ಬೂಟು ಹಾಕಿಕೊಂಡು, ಕ್ಯಾಂಟೀನಿನ ಪೊರಕೆ ಹಿಡಿದು ಸೊಲಾಂಜ್. ಇಬ್ಬರೂ ನನ್ನನ್ನು ಬಿಟ್ಟು ಮಾತಾಡಿಕೊಂಡಿದ್ದಾರೆ ಎಂದು ಆಗ ಗೊತ್ತಾಯಿತು. ಲೇಖಕಿಯ ಬೆನ್ನ ಹಿಂದೆ ಪಾತ್ರಗಳು ಸಭೆ ಸೇರಿವೆ.

"ನಿನ್ನ ಜಾಗದಲ್ಲಿ ಕೂತ್ಕೋ," ಎಂದ ಎಲ್ಡನ್. ಮೇಜಿನ ಮೇಲೆ ಹೊಸ ಸ್ಕೋರ್‌ಶೀಟ್ ಇಟ್ಟಿದ್ದ. "ನಾವಿಬ್ರೂ ಆ ಕಡೆ ಹೋಗಿ ಹೊಡೀತೀವಿ. ಕಂಡಿದ್ದನ್ನ ಬರಿ."

ಇಬ್ಬರೂ ಮಂಜಿನೊಳಗೆ ಹೋದರು. ಮೊದಲು ಮೊಣಕಾಲು, ಆಮೇಲೆ ಸೊಂಟ. ಪೊರಕೆ ಎಳೆಯುವ ಸದ್ದು, ಸೊಲಾಂಜ್ ಬೈಯುವ ಸದ್ದು. ಆಮೇಲೆ ಕಬ್ಬಿಣಕ್ಕೆ ಪಕ್ ಬಡಿಯಿತು. ನಾನು ಪೆನ್ನು ಹಿಡಿದು ಎದ್ದು ನಿಂತೆ, ಇಪ್ಪತ್ತೆರಡು ವರ್ಷದವಳಂತೆ.

"ಬಿತ್ತಾ?" ಎಂದು ಕೂಗಿದೆ.

"ಬಿತ್ತು!"

"ಯಾರದು?"

ಪೊರಕೆ ಐಸಿಗೆ ಬಡಿದ ಸದ್ದು. ಆಮೇಲೆ ಎಲ್ಡನ್‌ನ ದನಿ: "ನಾಲ್ಕು ಬರಿ."

ಅದರ ಬೆನ್ನಿಗೇ ಸೊಲಾಂಜ್: "ಏಯ್, ಸುಳ್ಳು! ಹನ್ನೊಂದು ಬರಿಯೇ!"

"ನಾಲ್ಕು ಅಂದ್ನಲ್ಲ!"

"ನೀನ್ ಬಾಯ್ಮುಚ್ಚೋ, ಬರಿಯೋಳು ಅವ್ಳು!"

ಸ್ಕೋರರ್ ಆಟದ ನಡುವೆ ಮೇಜು ಬಿಟ್ಟು ಐಸಿಗೆ ಇಳಿಯಬಾರದು, ಅದು ನಿಯಮ. ನಾನು ಪೆನ್ನಿಗೆ ಮುಚ್ಚಳ ಹಾಕಿ ಇಳಿದೆ. ನಾಲ್ಕು ಹೆಜ್ಜೆಗೆ ಮೇಜು ಕಾಣೆಯಾಯಿತು, ಆರನೆಯದಕ್ಕೆ ನನ್ನ ಬೂಟು. ಮುಖ ಕಾಣದ ಕಡೆ ಮಾತು ಸುಲಭ ಎಂದು ಮೊದಲೇ ಯಾಕೆ ಹೊಳೆಯಲಿಲ್ಲವೋ.

"ಎಲ್ಡನ್, ಅವತ್ತು ನಂಗೆ ಕಾಣ್ಲಿಲ್ಲ ಕಣೋ. ಏನೂ ಕಾಣ್ಲಿಲ್ಲ. ಸೊಲಾಂಜ್, ಕೇಳಿಸ್ತಾ? ನಾನು ಸುಮ್ನೆ ಬರ್ದೆ."

ಕರಗಿದ ನೀರು ಎಲ್ಲೋ ತೊಟ್ಟಿಕ್ಕುತ್ತಿತ್ತು.

"ಸುಮ್ನೆ ಅಲ್ಲ," ಎಂದ ಎಲ್ಡನ್ ಕೊನೆಗೆ. "ಗ್ಲೌಸ್ ಮರ್ತು ಅವತ್ತು ಮನೇಗೆ ವಾಪಸ್ ಹೋಗಿದ್ದೆ. ಬಾಗ್ಲ ಹತ್ರ ನನ್ನ ಪೆಟ್ಗೆ ನೋಡ್ದೆ."

ನಾನು ಐಸಿನ ಮೇಲೆ ಕೂತುಬಿಟ್ಟೆ. ಸೊಲಾಂಜ್ ಮೂಗು ಒರೆಸಿಕೊಂಡ ಸದ್ದು. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ, ಆ ಸದ್ದಿನಿಂದ ಏನೂ ಹೇಳಲಾಗದು. ಅವಳ ಅಣ್ಣನ ಸಾಲು ಏನೆಂದು ನನಗೆ ಇನ್ನೂ ಗೊತ್ತಿಲ್ಲ. ನಾಳೆ ಗುರುವಾರ, ಪ್ರಿಂಟರಿನವನಿಗೆ ಪುಟ ಬೇಕು.

"ಎಲ್ಲಿದೀಯೇ?" ಸೊಲಾಂಜ್ ಕೂಗಿದಳು.

"ಗೊತ್ತಾಗ್ತಿಲ್ಲ ಕಣೇ."

"ಹಂಗಾದ್ರೆ ಮಾತಾಡ್ತಾ ಇರು. ದನಿ ಹಿಡ್ಕೊಂಡು ಬರ್ತೀವಿ. ನಿಲ್ಲಿಸ್ಬೇಡ."

ಏನು ಮಾತಾಡಲಿ? ಬಾಯಿಗೆ ಬಂದದ್ದನ್ನು ಜೋರಾಗಿ ಹೇಳತೊಡಗಿದೆ. ಸಾವಿರದ ಒಂಬೈನೂರ ಎಪ್ಪತ್ತಾರು, ಮಾರ್ಚ್ ಇಪ್ಪತ್ತೆಂಟು, ಭಾನುವಾರ ಮಧ್ಯಾಹ್ನ. ನಮ್ಮ ಇಬ್ಬರು ಹುಡುಗರು ಮಂಜಿನೊಳಗೆ ನುಗ್ಗಿದರು. ಒಬ್ಬ ಎಲ್ಡನ್, ಒಬ್ಬ ಲೂಸಿಯೆನ್