ಲಾಂಡ್ರಿಯಲ್ಲಿ ಎರಡನೇ ಚರಣ

ಮಾಜಿ ಗಂಡನ ಬ್ಯಾಂಡಿಗೆ ವಿಡಿಯೊ ಮಾಡಿಕೊಡಲು ಅವಳು ಒಪ್ಪಿದ್ದಕ್ಕೆ ವಿಶೇಷ ಕಾರಣವೇನೂ ಇರಲಿಲ್ಲ. ಕೇಳಿದವನು ಡ್ರಮ್ ಬಾರಿಸುವವನು. ಆ ಶನಿವಾರ ಅವಳ ಕ್ಯಾಮೆರಾಕ್ಕೆ ಬೇರೆ ಕೆಲಸವಿರಲಿಲ್ಲ. ಆಗುವುದಿಲ್ಲ ಅಂದರೆ ಇನ್ನೂ ಸಿಟ್ಟಿದೆ ಅಂದುಕೊಳ್ಳುತ್ತಾರೆ. ಸಿಟ್ಟು ಇತ್ತು, ಆದರೆ ಅದನ್ನು ಅವರಿಗೆ ತಿಳಿಸುವ ಅಗತ್ಯ ಅವಳಿಗೆ ಕಾಣಲಿಲ್ಲ.

ಹೆಂಡತಿ ಬಿಟ್ಟುಹೋದ ಮೇಲೆ ಬಟ್ಟೆ ಒಗೆಯಲು ಕಲಿತವನ ಹಾಡು ಅದು. ಬರೆದವನೂ ಹಾಡಿದವನೂ ಅವಳ ಮಾಜಿ ಗಂಡನೇ. ಹಾಗಾಗಿ ಚಿತ್ರೀಕರಣ ಒಂದು ಲಾಂಡ್ರಿಯಲ್ಲಿ. ಸಂಸಾರ ಮಾಡುವಾಗ ಅವನು ಒಂದು ಕರ್ಚೀಫನ್ನೂ ಒಗೆದವನಲ್ಲ. ಅವಳು ಅದನ್ನು ನೆನೆಸಿಕೊಂಡು, ಲೈಟಿನ ಪೆಟ್ಟಿಗೆಗಳನ್ನು ವ್ಯಾನಿಗೆ ತುಂಬಿದಳು.

ಲಾಂಡ್ರಿ ಉದ್ದಕ್ಕೆ, ಕಿರಿದಾಗಿ, ರೈಲು ಡಬ್ಬಿಯ ಹಾಗಿತ್ತು. ಒಂದು ಗೋಡೆಯುದ್ದಕ್ಕೂ ಯಂತ್ರಗಳು, ಅವುಗಳ ದುಂಡು ಗಾಜಿನ ಬಾಗಿಲುಗಳು. ಪ್ರತಿ ಗಾಜಿನಲ್ಲೂ ಕ್ಯಾಮೆರಾ ಹಿಡಿದ ಒಬ್ಬೊಬ್ಬ ಪುಟ್ಟ ಅವಳು ಕಾಣುತ್ತಿದ್ದಳು. ಲೆನ್ಸಿನಷ್ಟೇ ಕಿಂಡಿಯಿದ್ದ ಕಪ್ಪು ಬಟ್ಟೆಯನ್ನು ತನ್ನ ಮುಂದೆ ಇಳಿಬಿಟ್ಟು ಅವರನ್ನೆಲ್ಲ ಮಾಯ ಮಾಡಿದಳು. ಟ್ಯೂಬ್‌ಲೈಟುಗಳ ಕೆಳಗೆ ಬ್ಯಾಂಡಿನವರೆಲ್ಲ ಕಾಮಾಲೆ ರೋಗಿಗಳಂತೆ ಕಂಡದ್ದರಿಂದ ಅವನ್ನು ಆರಿಸಿದಳು. ಬೀದಿಯ ಕಡೆಯ ಕಿಟಕಿಗೆ ಬಟರ್ ಪೇಪರ್ ಅಂಟಿಸಿ ಬಿಸಿಲನ್ನು ಮೆತ್ತಗಾಗಿಸಿದಳು. ಗಾಯಕನ ಬೆನ್ನ ಹಿಂದಿನ ಎರಡು ಯಂತ್ರಗಳೊಳಗೆ ಬ್ಯಾಟರಿಯ ಸಣ್ಣ ದೀಪ ಇಟ್ಟಳು. ದೊಡ್ಡ ಲೈಟು ಒಂದೇ ಒಂದು, ಅವನ ಬಲಕ್ಕೆ.

ಲಾಂಡ್ರಿಯ ಒಡತಿ ಹಾಕಿದ ಷರತ್ತೂ ಒಂದೇ: ಡ್ರೈಯರು ನಿಲ್ಲಬಾರದು. ಯಾವುದೋ ಹೋಟೆಲಿನ ಹಾಸಿಗೆ ಹೊದಿಕೆಗಳು ಸಂಜೆಯೊಳಗೆ ಒಣಗಬೇಕಿತ್ತು. ಡ್ರೈಯರಿಗೂ ದೊಡ್ಡ ಲೈಟಿಗೂ ಒಂದೇ ಲೈನು. ಡ್ರೈಯರು ಬಿಸಿಯೇರಿದಾಗಲೆಲ್ಲ ಫ್ಯೂಸು ಹೋಗುತ್ತಿತ್ತು. ಒಡತಿ ಸೆರಗು ಸರಿಮಾಡಿಕೊಂಡಷ್ಟು ಸಲೀಸಾಗಿ ಬಂದು ಫ್ಯೂಸು ಹಾಕಿಹೋಗುತ್ತಿದ್ದಳು.

ಅಷ್ಟರಲ್ಲಿ ಗಾಯಕನ ತಾಯಿ ಬಂದರು. ಕರೆದವರು ಯಾರೂ ಇಲ್ಲ, ಬರಬೇಡಿ ಅನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಅವರು ಸ್ಟೂಲು ಎಳೆದುಕೊಂಡು ಮಾನಿಟರಿನ ಮುಂದೆ ಕೂತು, ಮಗನ ಅರ್ಧ ಮುಖ ಕತ್ತಲಲ್ಲಿದೆ ಅಂದರು. ಹಾಡಿನ ದುಃಖಕ್ಕೆ ಹೊಂದಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು ಎಂದು ಅವಳು ವಿವರಿಸಿದಳು.

"ಬೇಕೆಂದೇ ಮಾಡಿದ್ದು ಅಂತ ನಂಗೂ ಕಾಣ್ತಿದೆಯಮ್ಮ," ಅಂದರು ಅತ್ತೆ.

ಅವಳು ಲೈಟನ್ನು ಒಂದು ಗೇಣು ಈಚೆ ಸರಿಸಿದಳು. ಅವನು ಚೆನ್ನಾಗಿ ಕಂಡ. ಅವಳಿಗೆ ಕಿರಿಕಿರಿಯಾಯಿತು.

ಮೂರನೆಯದೋ ನಾಲ್ಕನೆಯದೋ ಟೇಕಿನಲ್ಲಿ, ಎರಡನೇ ಚರಣದ ನಡುವೆ, ಮತ್ತೆ ಫ್ಯೂಸು ಹೋಯಿತು. ಒಡತಿ ಹಿತ್ತಲಲ್ಲಿ ಒದ್ದೆ ಬಟ್ಟೆ ಹಿಂಡುತ್ತಿದ್ದಳು, ಬಂದಾಗ ಬರುವವಳು. ಉಳಿದವರು ಟೀ ಕುಡಿಯಲು ಹೊರಟರು. ಗಾಯಕ ಹೋಗಲಿಲ್ಲ. ಮೈಕಿನ ಮುಂದೆಯೇ ನಿಂತು, ಹಾಡು ಹೇಗಿದೆ ಎಂದು ಕೇಳಿದ.

"ಎರಡನೇ ಚರಣದಲ್ಲಿ ಸುಳ್ಳಿದೆ," ಅಂದಳು ಅವಳು, ಲೆನ್ಸ್ ಒರೆಸುತ್ತ.

ಯಾವ ಸಾಲು ಎಂದು ಅವನು ಕೇಳಲಿಲ್ಲ. ಆ ಚರಣ ಹೀಗಿತ್ತು: ಹಗ್ಗದ ಮೇಲೆ ಅಂಗಿ ಒಣಗದೆ, ಹೋದೆ ನೀನು ಒಂದು ಮಾತೂ ಹೇಳದೆ.

"ನಾನು ಹೇಳಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲಾ ಹೇಳಿದ್ದೆ. ನೀನು ಹೆಡ್‌ಫೋನ್ ಹಾಕ್ಕೊಂಡಿದ್ದೆ. ತಲೆ ಬೇರೆ ಆಡಿಸಿದೆ."

"ಅದು ತಾಳಕ್ಕೆ ಆಡಿಸಿದ್ದು."

"ಆಮೇಲೆ ಗೊತ್ತಾಯ್ತು."

ಅವನು ಮೈಕಿನ ವೈರನ್ನು ಬಿಡಿಸಿದ, ಮತ್ತೆ ಸುತ್ತಿದ. "ಒಣಗದೆ ಅನ್ನೋದಕ್ಕೆ ಪ್ರಾಸ ಬೇಕಿತ್ತು," ಅಂದ.

ಇಬ್ಬರೂ ಅತ್ತೆಯನ್ನು ಮರೆತಿದ್ದರು. ಅವರು ಸ್ಟೂಲಿನಿಂದಲೇ, "'ಕೂತೆ ನಾನು ಒಂದು ಮಾತೂ ಕೇಳದೆ' ಅನ್ನು. ಪ್ರಾಸವೂ ಕೂಡುತ್ತೆ," ಅಂದರು.

ಲೈಟು ಬಂತು. ಟೀ ಕುಡಿದು ಬಂದ ಡ್ರಮ್ಮಿನವನಿಗೆ ವಿಷಯ ತಿಳಿದಾಗ ಅವನ ಮುಖ ಸಪ್ಪಗಾಯಿತು. ಹಾಡು ಆಗಲೇ ರೆಕಾರ್ಡ್ ಆಗಿದೆ, ಜೊತೆಗೆ ಇಂಥ ಗಂಡನನ್ನು ಕಂಡು ಅಯ್ಯೋ ಅನ್ನುವವರು ಯಾರು ಎಂಬುದು ಅವನ ತಕರಾರು. ಗಾಯಕ ವಾದಕ್ಕೆ ಇಳಿಯಲಿಲ್ಲ. ಈಗ ಹೊಸ ಮಾತಿಗೆ ತುಟಿ ಆಡಿಸುತ್ತೇನೆ, ದನಿಯನ್ನು ಮುಂದಿನ ವಾರ ಸೇರಿಸೋಣ ಅಂದ.

ಮೊದಲ ಸಲ ಮರೆತು ಹಳೆಯದನ್ನೇ ಹಾಡಿದ. ಎರಡನೇ ಸಲ ಸರಿಯಾಗಿ ಹಾಡಿದ, ಆದರೆ ಆ ಸಾಲಿಗೆ ಬಂದಾಗ ನೇರ ಲೆನ್ಸಿನೊಳಗೆ ನೋಡಿದ. ಹಾಗೆ ನೋಡಬಾರದೆಂದು ಅವಳು ಬೆಳಿಗ್ಗೆಯೇ ಎಲ್ಲರಿಗೂ ಹೇಳಿದ್ದಳು. ಟೇಕನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ, ಬೆಳಕು ಸಾಲದು, ಇನ್ನೊಮ್ಮೆ ಮಾಡೋಣ ಅಂದಳು. ಬೆಳಕು ಸಾಕಷ್ಟಿತ್ತು.

ಹೊದಿಕೆಗಳನ್ನು ಮಡಿಸುತ್ತ ಒಡತಿ, ಕ್ಯಾಮೆರಾದ ಹುಡುಗಿ ನಿಮಗೆ ಏನಾಗಬೇಕು ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಸ್ವಲ್ಪ ಯೋಚಿಸಿ, "ಸೊಸೆ ಆಗಿದ್ಲು. ಈಗ ಕ್ಯಾಮೆರಾ," ಅಂದರು.

ಸಾಮಾನು ಕಟ್ಟುವಾಗ ಅವನು ಉದ್ದದ ಕೇಬಲ್ಲಿನ ಇನ್ನೊಂದು ತುದಿ ಹಿಡಿದುಕೊಂಡು ಬಂದ.

"ಅವತ್ತು ಏನು ಹೇಳಿದ್ದೆ?"

ಅವಳು ಮೊಣಕೈಗೆ ಕೇಬಲ್ ಸುತ್ತುತ್ತ ಹೇಳಿದಳು. ಕೆಲವು ದೂರುಗಳಿಗೆ ಈಗ ಅರ್ಥವಿರಲಿಲ್ಲ, ಅವನ್ನು ಬಿಟ್ಟಳು. ಒಂದೆರಡು ಹೊಸದಾಗಿ ನೆನಪಾದವು, ಸೇರಿಸಿದಳು. ಅವನು ತಲೆ ಆಡಿಸದೆ, ನಡುವೆ ಬಾಯಿ ಹಾಕದೆ, ಕೇಬಲ್ಲನ್ನು ಬಿಡುತ್ತ ಒಂದೊಂದೇ ಹೆಜ್ಜೆ ಹತ್ತಿರ ಬಂದ. ಕೇಬಲ್ ಮುಗಿಯುವ ಹೊತ್ತಿಗೆ ಅವಳ ಮಾತೂ ಮುಗಿಯಿತು. ಅವನು ಹೌದು ಅಂದ. ಆಮೇಲೆ ಸ್ಟ್ಯಾಂಡುಗಳನ್ನು ಹೊತ್ತು ವ್ಯಾನಿಗೆ ಇಟ್ಟ.

ಆ ಒಂದು ಸಾಲನ್ನು ಅವನು ಮುಂದಿನ ವಾರ ಹೊಸದಾಗಿ ಹಾಡಿದ. ವಿಡಿಯೊ ಹೊರಬಂತು. ಭಾರಿ ಓಡಲಿಲ್ಲ, ಯಾರೂ ನೋಡದೆಯೂ ಇರಲಿಲ್ಲ. ಅವಳು ಎರಡು ಸಲ ನೋಡಿದಳು, ಎರಡನೇ ಸಲ ಬೆಳಕನ್ನು ಮಾತ್ರ.